ಸೋತರೆ ಮನೆಗೆ, ಗೆದ್ದರೆ ಅಲ್ಲೇ

ನಾರ್ವೆಯ ರಾಜಧಾನಿ ಓಸ್ಲೋದ ಪೂರ್ವಭಾಗದಲ್ಲಿ ವೋಲೆರೆಂಗಾ ಎಂಬ ಹಳೆಯ ಬಡಾವಣೆಯಿದೆ. ಬಣ್ಣ ಬಳಿದ ಪುಟ್ಟ ಪುಟ್ಟ ಮರದ ಮನೆಗಳು. ಅಲ್ಲಿಂದ ಸ್ವಲ್ಪವೇ ನಡೆದರೆ ಯೂರ್ದಾಲ್ ಕ್ರೀಡಾಂಗಣ. 1952ರ ಚಳಿಗಾಲದ ಒಲಿಂಪಿಕ್ಸ್‌ಗೆಂದು ಕಟ್ಟಿದ್ದು. ಆಗ ಅದಕ್ಕೆ ಛಾವಣಿಯೂ ಇರಲಿಲ್ಲ. ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಿದ ಹೊಸ ಕ್ರೀಡಾಂಗಣ 2020ರಲ್ಲಿ ತೆರೆಯಿತು. ಇಲ್ಲಿ ನಡೆಯುವುದು ಐಸ್ ಹಾಕಿ. ಹುಲ್ಲಿನ ಬದಲು ಮಂಜುಗಡ್ಡೆ, ಬೂಟಿನ ಬದಲು ಉಕ್ಕಿನ ಅಲಗಿನ ಸ್ಕೇಟ್ಸ್, ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ತೂಕ ಸುಮಾರು 170 ಗ್ರಾಂ. ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬಂದು ಬಡಿದರೆ ಏನಾದೀತು ಎಂಬುದನ್ನು ಮುಂದೆ ನೋಡೋಣ.

ಹಿಮದ ದೇಶವೆಂದ ಮೇಲೆ ಐಸ್ ಹಾಕಿಯೇ ರಾಜನಿರಬೇಕು ಎಂದುಕೊಂಡರೆ ತಪ್ಪು. ನಾರ್ವೆಯಲ್ಲಿ ಮಕ್ಕಳು ನಡೆಯಲು ಕಲಿತ ಹಿಂದೆಯೇ ಕಟ್ಟಿಕೊಳ್ಳುವುದು ಸ್ಕೀ. ಐಸ್ ಹಾಕಿಯ ದೈತ್ಯರಿರುವುದು ಪಕ್ಕದ ಸ್ವೀಡನ್ನಿನಲ್ಲಿ. ಸುಮಾರು 55 ಲಕ್ಷ ಜನಸಂಖ್ಯೆಯ ನಾರ್ವೆಯಲ್ಲಿ ಚೆನ್ನಾಗಿ ಆಡುವ ಹುಡುಗ ಗಂಟುಮೂಟೆ ಕಟ್ಟಲೇಬೇಕು. ಅಮೆರಿಕ-ಕೆನಡಾಗಳ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಮೊದಲ ನಾರ್ವೆಯವನು ಬ್ಯೋರ್ನ್ ಸ್ಕೋರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಡೆಟ್ರಾಯ್ಟ್ ತಂಡದ ಪರ ಆತನಿಗೆ ಸಿಕ್ಕಿದ್ದು ಒಂದೇ ಒಂದು ಪಂದ್ಯ!

ಓಸ್ಲೋದ ಲೋರೆನ್ ಬಡಾವಣೆಯಲ್ಲಿ ಬೆಳೆದ ಮಾಟ್ಸ್ ಜುಕ್ಕರೆಲ್ಲೊ ಕತೆ ಬೇರೆ. ಎತ್ತರ ಐದಡಿ ಎಂಟಂಗುಲ. ಆರಡಿ ದಾಟಿದ ಭೀಮರ ಆಟದಲ್ಲಿ ಇದು ಕುಳ್ಳೇ ಸರಿ. ಅಮೆರಿಕದ ತಂಡಗಳು ವರ್ಷಾವರ್ಷ ಎಳೆಯರನ್ನು ಆರಿಸಿಕೊಳ್ಳುವಾಗ ಯಾರೂ ಇವನ ಹೆಸರು ಕೂಗಲಿಲ್ಲ. ರಾಜಧಾನಿಯ ಬಳಿಯ ಆಸ್ಕರ್ ಊರಿನ ಕ್ಲಬ್ಬಿನಲ್ಲಿ ಆಡಿ, ಸ್ವೀಡನ್ನಿಗೆ ಹೋಗಿ, 2010ರಲ್ಲಿ ಅಲ್ಲಿನ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡ. ಆಮೇಲೆ ನ್ಯೂಯಾರ್ಕ್ ರೇಂಜರ್ಸ್ ಕರೆಯಿತು.

ಅಂದಿನಿಂದ ಓಸ್ಲೋದ ಅಭಿಮಾನಿಗಳಿಗೆ ಜಾಗರಣೆ. ನ್ಯೂಯಾರ್ಕಿನಲ್ಲಿ ಸಂಜೆ ಏಳಕ್ಕೆ ಪಂದ್ಯ ಶುರುವಾದರೆ ಓಸ್ಲೋದಲ್ಲಿ ರಾತ್ರಿ ಒಂದು ಗಂಟೆ. ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಮಕ್ಕಳಿರುವ ಮನೆಗಳಲ್ಲಿ ಇದು ಸಣ್ಣ ಸಮಸ್ಯೆಯಲ್ಲ.

2015ರ ಏಪ್ರಿಲ್ 24ರ ಪಂದ್ಯದಲ್ಲಿ ತನ್ನದೇ ತಂಡದವನು ಹೊಡೆದ ಪಕ್ ಜುಕ್ಕರೆಲ್ಲೊ ತಲೆಗೆ ಬಡಿಯಿತು. ತಲೆಬುರುಡೆ ಬಿರುಕುಬಿಟ್ಟು ಮಿದುಳಿಗೆ ಪೆಟ್ಟಾಯಿತು. ಮಾತೇ ನಿಂತುಹೋಯಿತು. ಇಪ್ಪತ್ತೇಳರ ತರುಣ ಮಗುವಿನಂತೆ ಮತ್ತೆ ಮಾತು ಕಲಿಯಬೇಕಾಯಿತು. ಹಾಗಿದ್ದೂ ಮುಂದಿನ ಋತುವಿನಲ್ಲೇ ಮರಳಿ, 26 ಗೋಲು ಹೊಡೆದು, 35 ಗೋಲುಗಳಿಗೆ ನೆರವಾದ.

ಈ ದೇಶದ ಅಭಿಮಾನಿಯ ಫಜೀತಿ ಇನ್ನೊಂದಿದೆ. ವಿಶ್ವ ಚಾಂಪಿಯನ್‌ಷಿಪ್ ನಡೆಯುವುದು ಮೇ ತಿಂಗಳಲ್ಲಿ. ಅಮೆರಿಕದ ನಾಕೌಟ್ ಪಂದ್ಯಗಳು ಮುಗಿಯುವುದು ಜೂನ್‌ನಲ್ಲಿ. ಅಲ್ಲಿನ ಕ್ಲಬ್ ಬೇಗ ಸೋತರೆ ಮಾತ್ರ ಆಟಗಾರ ದೇಶದ ಅಂಗಿ ತೊಡಬಲ್ಲ. 2014ರಲ್ಲಿ ರೇಂಜರ್ಸ್ ಫೈನಲ್‌ವರೆಗೂ ಹೋಯಿತು. ನಾರ್ವೆಯ ಹುಡುಗನೊಬ್ಬ ಅಲ್ಲಿಗೆ ತಲುಪಿದ್ದು ಅದೇ ಮೊದಲು. ಆದರೆ ಆ ಮೇ ತಿಂಗಳಲ್ಲಿ ಮಿನ್ಸ್ಕ್‌ನಲ್ಲಿ ನಾರ್ವೆ ತಂಡ ಅವನಿಲ್ಲದೆ ಆಡಿತು. ಗೆಲ್ಲಲಿ ಎನ್ನಬೇಕೋ, ಸೋಲಲಿ ಎನ್ನಬೇಕೋ?

ಓಸ್ಲೋದಿಂದ ಉತ್ತರಕ್ಕೆ ನೂರಿಪ್ಪತ್ತು ಕಿಲೋಮೀಟರ್ ದೂರ ರೈಲಿನಲ್ಲಿ ಸಾಗಿದರೆ ಮ್ಯೋಸಾ ಸರೋವರದ ದಡದ ಹಾಮರ್ ಪಟ್ಟಣ. ಬೇಸಿಗೆಯಲ್ಲಿ ಇಲ್ಲಿಂದ 1856ರ ಚಕ್ರದ ಹಬೆದೋಣಿ ಇಂದಿಗೂ ಓಡಾಡುತ್ತದೆ. ಆಚೆ ದಡದ ಯೋವಿಕ್ ಊರಲ್ಲಿ ಬೆಟ್ಟದ ಹೊಟ್ಟೆಯನ್ನೇ ಬಗೆದು ಹಾಕಿ ಮೈದಾನ ಮಾಡಿದ್ದಾರೆ. ಕಲ್ಲಿನ ಚಾವಣಿಯ ಅಗಲ 61 ಮೀಟರ್, ನಡುವೆ ಒಂದೂ ಕಂಬವಿಲ್ಲ! 1994ರ ಒಲಿಂಪಿಕ್ಸ್‌ನ ಪಂದ್ಯಗಳು ಇಲ್ಲೂ ನಡೆದವು. ಆ ವರ್ಷ ನಾರ್ವೆ ತಂಡದಲ್ಲಿ ಪೆಟ್ಟರ್ ಥೋರೆಸನ್ ಇದ್ದರು. ಅದು ಅವರ ಐದನೆಯ ಒಲಿಂಪಿಕ್ಸ್.

ಅವರ ಮಗ ಪ್ಯಾಟ್ರಿಕ್ ಹಾಮರ್‌ನ ಸ್ಟೋರ್ಹಾಮರ್ ಕ್ಲಬ್ಬಿನಲ್ಲಿ ಪಳಗಿ, ಹದಿಹರೆಯದಲ್ಲೇ ಕೆನಡಾಕ್ಕೆ ಹೊರಟ. ಸ್ವೀಡನ್, ಅಮೆರಿಕ, ಸ್ವಿಟ್ಜರ್ಲೆಂಡ್, ರಷ್ಯಾ ಎಲ್ಲ ಸುತ್ತಿದ. ರಷ್ಯಾದ ಊಫಾ ತಂಡದೊಡನೆ 2011ರಲ್ಲಿ ಗಗಾರಿನ್ ಕಪ್ ಗೆದ್ದ. 2012ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವನೂ ಆಡಿದ ತಂಡ ಜರ್ಮನಿಯನ್ನು 12–4ರಿಂದ ಸೋಲಿಸಿತು. ಕೊನೆಗೆ ಹಳೆಯ ಕ್ಲಬ್ಬಿಗೇ ಮರಳಿದ.

2018ರ ಒಲಿಂಪಿಕ್ಸ್‌ಗೆ ಅಮೆರಿಕದ ಲೀಗ್ ತನ್ನ ಆಟಗಾರರನ್ನು ಬಿಡಲಿಲ್ಲ. ಜುಕ್ಕರೆಲ್ಲೊ ಇಲ್ಲದ ನಾರ್ವೆ ತಂಡ ಕೊರಿಯಾದಲ್ಲಿ ಸ್ಲೊವೇನಿಯಾವನ್ನು ಹೆಚ್ಚುವರಿ ಸಮಯದಲ್ಲಿ ಸೋಲಿಸಿತು. 1994ರ ನಂತರ ಒಲಿಂಪಿಕ್ಸ್‌ನಲ್ಲಿ ಮೊದಲ ಗೆಲುವು! ಅಂದು ಕೋಚ್ ಪೆಟ್ಟರ್ ಥೋರೆಸನ್. ಆಟಗಾರರ ಸಾಲಿನಲ್ಲಿ ಪ್ಯಾಟ್ರಿಕ್. ಮರುದಿನವೇ ರಷ್ಯನ್ನರ ಕೈಯಲ್ಲಿ 6–1ರ ಸೋಲು. ಎಲ್ಲರೂ ವಿಮಾನ ಹತ್ತಿದರು. ಪ್ಯಾಟ್ರಿಕ್ ಮರಳಿದ್ದು ಹಾಮರ್‌ಗೆ. ಆ ವಸಂತದಲ್ಲಿ ಸ್ಟೋರ್ಹಾಮರ್ ನಾರ್ವೆಯ ಚಾಂಪಿಯನ್ ಆಯಿತು.