ನುಂಗಲಾರದ ತುತ್ತು



ಕಳೆದ ಕಾರ್ತಿಕದಲ್ಲಿ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ ಹೋಗಿದ್ದೆವು. ಹೈದರಾಲಿಯ ಜನ್ಮಸ್ಥಳವೆಂದು ನೀವೆಲ್ಲ ಓದಿರುವ ಊರದು. ಹೆಸರಿನಲ್ಲಿಯೇ ಬೂದಿ ಇರುವುದರಿಂದ ಭಸ್ಮಧಾರಿಗಳಾದ ನಮಗೆ ಅದರ ಮೇಲೆ ಇನ್ನಿಷ್ಟು ಸಲಿಗೆ. ಭಿಕ್ಷೆಗೆ ಆಹ್ವಾನಿಸಿದ ಮನೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು. ನಾವು ಎರಡು ತುತ್ತು ಮುರಿದು ಎದ್ದುಬಿಟ್ಟೆವು. ಎಪ್ಪತ್ತರ ಸಮೀಪದ ಆ ಮನೆಯ ತಾಯಿ ಬಾಗಿಲ ಮರೆಯಿಂದ, "ನಮ್ಮನೆ ಮುದ್ದೆ ಬುದ್ಧಿಯವರಿಗೆ ಸೇರ್ಲಿಲ್ವೇನೋ" ಎಂದರು. ಆ ಮಾತು ಕಚ್ಚಿದ ಹಲ್ಲುಗಳ ನಡುವಿನಿಂದ ನುಸುಳಿ ಬಂದಂತಿತ್ತು.

ಅಂದು ಆ ತಾಯಿಗೆ ಹೇಳಿದುದನ್ನೇ ಇಂದು ನಿಮಗೂ ಅರುಹಬೇಕಾಗಿದೆ. ಇಷ್ಟು ವರ್ಷ ಮುಚ್ಚಿಟ್ಟದ್ದು ನಮ್ಮ ದೌರ್ಬಲ್ಯ.

2017ರಲ್ಲಿ ನಮಗೆ ಗಂಟಲಿನ ಕ್ಯಾನ್ಸರ್ ಆಗಿ ವಿಕಿರಣ ಚಿಕಿತ್ಸೆಯಾದ ಸಂಗತಿ ಮಠದ ಭಕ್ತರಿಗೆ ತಿಳಿದಿದೆ. ಹಳ್ಳಿಗರು ಇದನ್ನು 'ಕರೆಂಟು ಕೊಡುವುದು' ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ 33 ಸಲ, ಸಲಕ್ಕೆ 2 ಗ್ರೇ, ಒಟ್ಟು 66 ಗ್ರೇ ಪ್ರಮಾಣ. ಆಗ ಬಾಯೆಲ್ಲ ಹುಣ್ಣಾಯಿತು. ಎರಡು ತಿಂಗಳಲ್ಲಿ ಮಾಯಿತು. ರೋಗ ಹೋಯಿತೆಂದು ವೈದ್ಯರು ಹೇಳಿದರು, ಭಕ್ತರು ಸಂಭ್ರಮಿಸಿದರು, ಪ್ರಕರಣ ಮುಗಿಯಿತೆಂದು ನಾವೂ ಬಗೆದೆವು.

ಮುಗಿದಿರಲಿಲ್ಲ. ವಿಕಿರಣವು ಬೇಗಬೇಗ ವಿಭಜನೆಗೊಳ್ಳುವ ಜೀವಕೋಶಗಳನ್ನು ಮೊದಲು ತಾಕುತ್ತದೆ. ಬಾಯಿಯ ಒಳಪೊರೆ ಕೆಟ್ಟು ಮತ್ತೆ ಚಿಗುರುವುದು ಅದರಿಂದಲೇ. ಆದರೆ ಅದೇ ಹಾದಿಯಲ್ಲಿರುವ ಸಣ್ಣ ರಕ್ತನಾಳಗಳು ತಿಂಗಳು ವರ್ಷಗಳ ಕಾಲ ಮೆಲ್ಲಮೆಲ್ಲನೆ ಕಿರಿದಾಗುತ್ತವೆ. ಮೆತ್ತಗಿನ ಸ್ನಾಯುವಿನ ಜಾಗದಲ್ಲಿ ಗಡುಸಾದ ನಾರು ಬೆಳೆಯುತ್ತದೆ. ಲಾಲಾಗ್ರಂಥಿಗಳು ಬತ್ತಿದರೆ ಮರಳಿ ತುಂಬುವುದು ಅಪರೂಪ. ಗ್ರಂಥಿಗಳನ್ನು ಉಳಿಸಿ ಕಿರಣ ಹಾಯಿಸುವ ಹೊಸ ವಿಧಾನದಿಂದ ಬಾಯಿ ಒಣಗುವುದು ಕಡಿಮೆಯಾಗುತ್ತದೆಂದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಆದರೆ ಗೆಡ್ಡೆ ಇರುವೆಡೆಯನ್ನು ಅವಲಂಬಿಸಿ ಎಲ್ಲರಲ್ಲಿಯೂ ಅಷ್ಟು ಉಳಿಸಲಾಗದು.

ನೀರಿಲ್ಲದೆ ಒಂದು ಗಳಿಗೆ ಪ್ರವಚನ ಮಾಡಲಾರೆವು. ಇದನ್ನು ವಯೋಧರ್ಮವೆಂದುಕೊಂಡೆವು. ಮೂರನೆಯ ವರ್ಷ ವಿಪರೀತ ಆಯಾಸ, ಚಳಿ, ನಿದ್ದೆ ಶುರುವಾಯಿತು. ಪೂಜೆಯ ವೇಳೆ ತೂಕಡಿಸಿದುದನ್ನು ಭಕ್ತರು ಧ್ಯಾನವೆಂದೇ ತಿಳಿದು ಕೈಮುಗಿದರು, ನಾವೂ ಅಲ್ಲವೆನ್ನಲಿಲ್ಲ! ಕತ್ತಿಗೆ ತಾಕಿದ ವಿಕಿರಣದಿಂದ ಥೈರಾಯ್ಡ್ ಗ್ರಂಥಿ ಕುಂದಿತ್ತೆಂಬುದು ರಕ್ತಪರೀಕ್ಷೆಯಿಂದ ತಿಳಿಯಿತು. ದಿನಕ್ಕೊಂದು ಸಣ್ಣ ಮಾತ್ರೆಯಿಂದ ಆ 'ಧ್ಯಾನ' ನಿಂತಿತು.

ದೊಡ್ಡ ತಪ್ಪು ನಡೆದದ್ದು ಹಲ್ಲಿನ ವಿಷಯದಲ್ಲಿ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ದವಡೆಹಲ್ಲು ನೋಯಲು, ಹತ್ತಿರದ ದಂತವೈದ್ಯರಲ್ಲಿ ಕೀಳಿಸಿಕೊಂಡೆವು. ವಿಕಿರಣದ ಮಾತನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ರಕ್ತಸಂಚಾರ ಕ್ಷೀಣಿಸಿದ ಆ ದವಡೆಯಲ್ಲಿ ಗಾಯ ನಾಲ್ಕು ತಿಂಗಳಾದರೂ ಮಾಯದೆ ಮೂಳೆ ಹೊರಗೆ ಕಂಡಿತು. ಕೊನೆಗೆ ಸತ್ತ ಮೂಳೆಯ ಚೂರೊಂದನ್ನು ತೆಗೆಯಬೇಕಾಯಿತು. ಈಗ ರಾತ್ರಿ ಮಲಗುವ ಮುನ್ನ ಹಲ್ಲಿಗೆ ಫ್ಲೋರೈಡ್ ಲೇಪನ ಹಚ್ಚುತ್ತೇವೆ. ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲು ಕಲೆಗಟ್ಟುವ ಕೋಲಾರ ಸೀಮೆಯ ಜನರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಇದೆಲ್ಲವನ್ನೂ ಆ ಮನೆಯಲ್ಲಿ ಹೇಳಿ, "ಮುದ್ದೆಯನ್ನು ಅಗಿಯದೆ ನುಂಗಬೇಕಲ್ಲ ತಾಯಿ, ನಮ್ಮ ಗಂಟಲು ಒಲ್ಲೆನ್ನುತ್ತದೆ" ಎಂದೆವು. ಆಕೆ ಅಳತೊಡಗಿದರು. ಹೊಗೆಸೊಪ್ಪು ಒತ್ತಿಟ್ಟುಕೊಳ್ಳುತ್ತಿದ್ದ ಕೆನ್ನೆಯಲ್ಲಿ ಗೆಡ್ಡೆಯಾಗಿ, ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕರೆಂಟು ಕೊಡಿಸಿದ್ದರಂತೆ. ಒಂದು ವರ್ಷದಿಂದ ಬಾಯಿ ಬಿಗಿಯುತ್ತ ಬಂದು, ಒಂದು ಬೆರಳೂ ಹೋಗುತ್ತಿರಲಿಲ್ಲ. ಆರೋಗ್ಯವಂತರ ಬಾಯಲ್ಲಿ ಮೂರು ಬೆರಳು ಹಿಡಿಯುತ್ತದೆ. ರೋಗ ಮರಳಿತೆಂದು ಬಗೆದ ಮನೆಯವರು ಮತ್ತೆ ಆಸ್ಪತ್ರೆಗೆ ಒಯ್ಯದೆ, ಸೊಸೆ ಚಮಚದಲ್ಲಿ ಗಂಜಿ ಹಾಕುತ್ತ ದಿನ ಎಣಿಸುತ್ತಿದ್ದರು. "ಮಕ್ಕಳಿಗೆ ಇನ್ನೊಂದ್ಸಲ ಸಾಲ ಬೇಡ ಬುದ್ಧಿ" ಎಂದು ಆಕೆಯೇ ತಡೆದಿದ್ದರು.

ಒಳಗಿರುವುದು ರೋಗವೋ ಗಡುಸಾದ ಸ್ನಾಯುವೋ ಎಂದು ನಾವು ಹೇಳಲಾರೆವು, ಹೇಳಲೂ ಕೂಡದು. ಸ್ವಾಮಿಗಳು ಏನೂ ಇಲ್ಲವೆಂದರು ಎಂಬ ಮಾತು ಹಳ್ಳಿಯಲ್ಲಿ ವೈದ್ಯರ ಚೀಟಿಗಿಂತ ದೂರ ಹೋಗುತ್ತದೆ. ಆ ಭಯ ನಮಗಿದೆ. ಪರೀಕ್ಷೆ ಮಾಡಿಸದೆ ಆಶೀರ್ವಾದ ಕೊಡೆವೆಂದು ಹಟ ಹಿಡಿದೆವು. ಮರುವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿಸಿದರು. ರೋಗ ಮರಳಿರಲಿಲ್ಲ, ವಿಕಿರಣದ ತಡವಾದ ಫಲವೇ ಅದಾಗಿತ್ತು.

ಮದ್ದಿಗಿಂತ ಹೆಚ್ಚು ಅಭ್ಯಾಸ ಹೇಳಿದರು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ತಡೆಯುವಷ್ಟು ಹೊತ್ತು ಹಿಡಿದಿರುವುದು. ದಿನಕ್ಕೆ ಹಲವು ಸಲ. ಸಾಧ್ಯವಾದಾಗ ಇನ್ನೊಂದು ಕಡ್ಡಿ ಸೇರಿಸುವುದು. ನೋವಾಗುತ್ತದೆ, ಬಿಟ್ಟರೆ ಮತ್ತೆ ಬಿಗಿಯುತ್ತದೆ. ವಿಕಿರಣ ಮುಗಿದ ದಿನದಿಂದಲೇ ಇದನ್ನು ಮಾಡಿದ್ದರೆ ಇಷ್ಟು ಬಿಗಿಯುತ್ತಿರಲಿಲ್ಲವೇನೋ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ವೈದ್ಯರನ್ನು ಇಂದೇ ಕೇಳಿರಿ. ಚಿಕಿತ್ಸೆಯ ಚೀಟಿಯನ್ನು ಹರಿಯಲು ಬಿಡದೆ ಇಟ್ಟುಕೊಂಡು, ಹಲ್ಲಿಗೆ ಕೈಹಾಕುವ ಮುನ್ನ ದಂತವೈದ್ಯರಿಗೆ ತೋರಿಸಿರಿ.

ಈ ವೈಶಾಖದಲ್ಲಿ ಮತ್ತೆ ಬೂದಿಕೋಟೆಗೆ ಹೋದಾಗ ಆ ತಾಯಿಯ ಬಾಯಿ ಒಂದೂವರೆ ಬೆರಳಿನಷ್ಟು ತೆರೆದಿತ್ತು. ಕಡ್ಡಿಗಳಿಗಾಗಿ ಮೊಮ್ಮಕ್ಕಳು ಬೇಸಿಗೆಯುದ್ದಕ್ಕೂ ಐಸ್‌ಕ್ರೀಂ ತಿಂದರಂತೆ. ಈ ಸಲ ನಮ್ಮಿಬ್ಬರಿಗೂ ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಮುದ್ದೆ, ಬಟ್ಟಲ ತುಂಬ ತಿಳಿಸಾರು. ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಸೊಸೆ ಎರಡು ಸಲ ಸಾರು ಬಿಸಿಮಾಡಿ ತಂದಳು.