ಮಾತ್ರೆ ತಪ್ಪಿಸಲಿಲ್ಲ, ರಕ್ತ ಏರಲಿಲ್ಲ

ಇವತ್ತಿನ ಟಿಪ್ಪಣಿ ಅರ್ಧ ಹೊಲದ್ದು, ಅರ್ಧ ಮನೇದು.

ಮಗಳು ಚೊಚ್ಚಲ ಹೆರಿಗೆಗೆ ಅಂತ ಏಳನೇ ತಿಂಗಳಲ್ಲಿ ಮನೆಗೆ ಬಂದ್ಲು. ಆಗ ಹಿಮೋಗ್ಲೋಬಿನ್ 8.6. ಬಸುರಿ ಹೆಂಗಸಿಗೆ 11ಕ್ಕಿಂತ ಕಮ್ಮಿ ಇರಬಾರದು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಕೊಟ್ರು. ಒಂದು ದಿನಾನೂ ತಪ್ಪಬಾರದು ಅಂತ ಆ ಕೆಲಸ ನಾನೇ ವಹಿಸ್ಕೊಂಡೆ. ಬೆಳಗ್ಗೆ ಅವಳಮ್ಮ ಹಾಲು ಕರೆಯೋ ಹೊತ್ತಿಗೆ ನಾನು ಗಟ್ಟಿ ಟೀ ಕಾಯಿಸಿ, ಲೋಟದ ಜೊತೆ ಎರಡೂ ಮಾತ್ರೆ ಅವಳ ಕೈಗೆ ಕೊಡ್ತಿದ್ದೆ.

ತಿಂಗಳು ಬಿಟ್ಟು ನೋಡಿದ್ರೆ 8.7. ಡಾಕ್ಟ್ರು, "ಹಿಂಗೇ ಇದ್ರೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡಬೇಕಾಗುತ್ತೆ, ಹೆರಿಗೇಲಿ ರಕ್ತ ಜಾಸ್ತಿ ಹೋದ್ರೆ ಕಷ್ಟ" ಅಂದ್ರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಆಶಾ ಕಾರ್ಯಕರ್ತೆ ಬಂದು ಖಾಲಿ ಶೀಟು ಎಣಿಸಿದ್ರು. ಲೆಕ್ಕ ಸರಿಯಾಗಿತ್ತು. "ಯಾವುದರ ಜೊತೆ ನುಂಗ್ತೀಯಮ್ಮ?" ಅಂತ ಕೇಳಿದ್ರು. "ಟೀ ಜೊತೆ ಅಕ್ಕ, ಎರಡೂ ಒಟ್ಟಿಗೆ. ಅಪ್ಪನೇ ಕೊಡ್ತಾರೆ" ಅಂದ್ಲು. ಆಯಮ್ಮ ನನ್ನ ಮುಖ ನೋಡಿದ್ರು.

ಆ ವಾರವೇ ನಾನು ಕಡ್ಲೆಕಾಯಿಗೆ ಅನ್ನಭೇದಿ ಹೊಡೀತಿದ್ದೆ. ಸುಣ್ಣದ ನೆಲದಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತಲ್ಲ, ಅದಕ್ಕೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್, ಅಂದ್ರೆ ನಿಂಬೆಹುಳಿ. ಹುಳಿ ಮರೆತ್ರೆ ಬೋರ್‌ವೆಲ್ ನೀರು ತುಕ್ಕು ಬಣ್ಣಕ್ಕೆ ತಿರುಗುತ್ತೆ, ಕಬ್ಬಿಣ ತಳ ಸೇರುತ್ತೆ, ಎಲೆಗೆ ಹತ್ತಲ್ಲ. ಹೊಲದಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಗಿಡಕ್ಕೆ ಸಿಗಲ್ಲ ಅಷ್ಟೇ. ಸರ್ಕಾರದ ಕಬ್ಬಿಣದ ಮಾತ್ರೇಲಿ ಇರೋದೂ ಇದೇ ಅನ್ನಭೇದಿ, ಔಷಧಿಗೆ ಅಂತ ಶುದ್ಧ ಮಾಡಿದ್ದು. ಹೊಲದಲ್ಲಿ ಗೊತ್ತಿದ್ದ ಪಾಠ ಅಡುಗೆಮನೇಲಿ ಮರೆತಿದ್ದೆ.

ಅಡಿಕೆ ಬೇಯಿಸಿದ ಚೊಗರಲ್ಲಿ ಒಗರು ಇರುತ್ತಲ್ಲ, ಅಂಥದ್ದೇ ಒಗರು ಟೀಲೂ ಇದೆ. ಅದು ಹೊಟ್ಟೇಲಿ ಕಬ್ಬಿಣನ ಹಿಡ್ಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತೆ. ಕಾಫಿನೂ ಹಂಗೇ. ಹಾಲು, ಕ್ಯಾಲ್ಸಿಯಂ ಮಾತ್ರೆನೂ ಕಬ್ಬಿಣಕ್ಕೆ ಅಡ್ಡ.

ಆಶಾ ಅಕ್ಕ ಹೇಳಿದಂತೆ ಬದಲಾಯಿಸಿದ್ವಿ. ತಿಂಡಿ ಆಗಿ ಎರಡು ಗಂಟೆ ಬಿಟ್ಟು ಕಬ್ಬಿಣದ ಮಾತ್ರೆ, ನಿಂಬೆ ಪಾನಕದ ಜೊತೆ. ಅದರ ಹಿಂದೆ ಮುಂದೆ ಒಂದು ಗಂಟೆ ಟೀ ಇಲ್ಲ. ಕ್ಯಾಲ್ಸಿಯಂ ಬೇರೆ ಹೊತ್ತಿಗೆ, ಊಟದ ಜೊತೆ. ರಾಗಿ ಮುದ್ದೆ, ಹಾಲು ಯಾವುದನ್ನೂ ಬಿಡಿಸಲಿಲ್ಲ, ಹೊತ್ತು ಮಾತ್ರ ಬದಲಾಯ್ತು. ಮಲ ಕಪ್ಪಗಾದ್ರೆ ಹೆದರಬೇಡಿ, ಕಬ್ಬಿಣದ ಮಾತ್ರೆಗೆ ಹಂಗಾಗೋದು ಸಹಜ ಅಂದ್ರು.

ಮೊನ್ನೆ ಪರೀಕ್ಷೇಲಿ 10.1 ಬಂತು. 11 ಇನ್ನೂ ಮುಟ್ಟಿಲ್ಲ, ಹೆರಿಗೆಗೆ ಹದಿನೈದು ದಿನ ಇದೆ. ಆದ್ರೂ ಮೊದಲ ತಿಂಗಳು ಸುಮ್ನೆ ಹೋಯ್ತಲ್ಲ ಅನ್ನೋದು ಮನಸ್ಸಲ್ಲಿ ಕೊರೀತಾನೇ ಇದೆ.

ನಾನು ಡಾಕ್ಟ್ರಲ್ಲ. ಎಷ್ಟು ಮಾತ್ರೆ ಅಂತ ಅವರನ್ನೇ ಕೇಳಿ. ಜೊತೆಗೆ ಇದನ್ನೂ ಕೇಳಿ: ಯಾವುದರ ಜೊತೆ, ಯಾವ ಹೊತ್ತಿಗೆ? ಮನೇಲಿ ಥೈರಾಯ್ಡ್ ಮಾತ್ರೆ ತಗೊಳ್ಳೋರಿದ್ರೆ ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು. ನಿಮ್ಮ ಮನೇಲಿ ಮಾತ್ರೆ ಯಾವುದರ ಜೊತೆ ಹೋಗ್ತಿದೆ ಅಂತ ಇವತ್ತೇ ಒಂದು ಮಾತು ವಿಚಾರಿಸಿ.