ಹಲ್ಲೆಲೂಯದ ಉಪವಾಸ

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ, ಬಾಗಿಲು ಹಾಕಿದ್ದರೆ ಆಶ್ಚರ್ಯವಿಲ್ಲ; ಮನೆಮಂದಿಯೆಲ್ಲ ‘ಮೀಸ್’ಗೆ ಹೋಗಿರುತ್ತಾರೆ. ಬೆಂಗಳೂರು, ಮೈಸೂರು ಕಡೆಯ ಕನ್ನಡ ಕಥೋಲಿಕರು ಅದನ್ನೇ ಪೂಜೆ ಎನ್ನುತ್ತಾರೆ, ಬಲಿಪೂಜೆ ಎನ್ನುತ್ತಾರೆ. ಪೂಜೆ ಗೊತ್ತು, ಈ ಮೀಸ್ ಎಲ್ಲಿಯದು? ಪೋರ್ಚುಗೀಸರಿಂದ ಬಂದದ್ದು, ಅವರಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ ಪೂಜೆ ಮುಗಿಯುವಾಗ ಪಾದ್ರಿಗಳು ‘ಇತೆ, ಮಿಸ್ಸಾ ಎಸ್ತ್’ ಎಂದು ಜನರನ್ನು ಬೀಳ್ಕೊಡುತ್ತಿದ್ದರು. ಹೊರಡಿ ಎಂದು ಹೇಳಿದ ಮಾತೇ ಇಡೀ ಪೂಜೆಗೆ ಹೆಸರಾಗಿ ನಿಂತುಬಿಟ್ಟಿತು ನೋಡಿ!

ಪಾದ್ರಿ ಎಂದೆನಲ್ಲ, ಅದೂ ಪೋರ್ಚುಗೀಸೇ, ತಂದೆ ಎಂದರ್ಥ. ಇಗರ್ಜಿಯೂ ಅದೇ ಹಡಗಿನಲ್ಲಿ ಬಂತು. ಆದರೆ ಅದರ ಬೇರು ಗ್ರೀಕಿನ ಎಕ್ಲೇಸಿಯಾ, ಅಂದರೆ ಊರಿನ ಪ್ರಜೆಗಳು ಕರೆಗೆ ಓಗೊಟ್ಟು ಸೇರುತ್ತಿದ್ದ ಕೂಟ. ನಮ್ಮ ಪ್ರೊಟೆಸ್ಟೆಂಟರು ‘ಸಭೆ’ ಎನ್ನುತ್ತಾರಲ್ಲ, ಮೂಲಕ್ಕೆ ಎಷ್ಟು ಹತ್ತಿರ! ಶಿಲುಬೆ ಮಾತ್ರ ಆ ಹಡಗು ಹತ್ತಿದ್ದಲ್ಲ. ಅದು ಸಿರಿಯಾಕ್ ಭಾಷೆಯ ‘ಸ್ಲೀಬಾ’. ಪೋರ್ಚುಗೀಸರು ಕಾಲಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದರು, ಅವರ ಪೂಜೆಯ ಭಾಷೆ ಅದು.

ಎಲ್ಲಿಂದ ಎಲ್ಲಿಗೋ ಬಂದೆವು. ಹೇಳಹೊರಟದ್ದು ಹಲ್ಲೆಲೂಯದ ಸಂಗತಿ. ‘ಯಾಹ್‌ನನ್ನು ಸ್ತುತಿಸಿರಿ’ ಎಂಬ ಹೀಬ್ರೂ ಮಾತು ಅದು. ಯಾಹ್ ಎಂದರೆ ದೇವರ ಹೆಸರಿನ ಚಿಕ್ಕ ರೂಪ. ಗ್ರೀಕರಾಗಲಿ, ರೋಮಿನವರಾಗಲಿ, ನಾವಾಗಲಿ ಹಾಡುವಾಗ ಅದನ್ನು ನಮ್ಮ ನಮ್ಮ ಭಾಷೆಗೆ ತಿರುಗಿಸಲು ಹೋಗಲಿಲ್ಲ. ಕಥೋಲಿಕರ ಪೂಜೆಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾದರೆ ಈ ಪದ ಕೇಳುವುದೇ ಇಲ್ಲ. ಜನರ ಜೊತೆಗೆ ಅದಕ್ಕೂ ಉಪವಾಸ! ಮತ್ತೆ ಹಾಡುವುದು ಈಸ್ಟರ್ ಜಾಗರಣೆಯ ರಾತ್ರಿ. 15ನೇ ಶತಮಾನದ ಫ್ರಾನ್ಸಿನ ತೂಲ್ ಎಂಬ ಊರಿನಲ್ಲಂತೂ ಹಾಡುವ ಹುಡುಗರು ಹಲ್ಲೆಲೂಯಕ್ಕೆ ಶವಯಾತ್ರೆಯನ್ನೇ ಮಾಡುತ್ತಿದ್ದರು: ಪಂಜು, ಶಿಲುಬೆ, ಧೂಪ, ತೀರ್ಥ ಎಲ್ಲ ಹಿಡಿದು, ಒಂದು ಮಣ್ಣಹೆಂಟೆ ಹೊತ್ತು, ಅಳುತ್ತಾ. ಒಂದು ಪದದ ಮೇಲೆ ಇಷ್ಟು ಅಕ್ಕರೆ ಇಟ್ಟ ಜನರನ್ನು ಕಂಡರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಹೊಸನ್ನ ಎಂಬ ಇನ್ನೊಂದು ಹೀಬ್ರೂ ಮಾತಿನ ಕಥೆ ಬೇರೆ. ‘ಕಾಪಾಡು, ದಮ್ಮಯ್ಯ’ ಎಂಬ ಮೊರೆ ಅದು, ಗರಿಗಳ ಭಾನುವಾರ ಜಯಘೋಷವಾಗಿ ಕೇಳಿಸುತ್ತದೆ. ಮೊರೆಯಿಡುವಾಗಲೇ ಕೇಳುವವನು ಕಾಪಾಡುತ್ತಾನೆಂಬ ನಂಬಿಕೆ ಬಂದುಬಿಟ್ಟರೆ ದನಿ ಏರುವುದಿಲ್ಲವೇ? ನನಗಂತೂ ಹಾಗೇ ತೋರುತ್ತದೆ.

ಇನ್ನು ಕರಾವಳಿಯ ‘ತೇರ್ಸ್’, ಅಂದರೆ ಜಪಮಾಲೆಯ ಪ್ರಾರ್ಥನೆ. ಪೋರ್ಚುಗೀಸಿನಲ್ಲಿ ತೆರ್ಸು ಎಂದರೆ ಮೂರರಲ್ಲೊಂದು ಪಾಲು. ಬೈಬಲ್ಲಿನ 150 ಕೀರ್ತನೆಗಳನ್ನು ಓದಲು ಅಕ್ಷರ ಬಾರದವರು ಅಷ್ಟೇ ಸಲ ಮರಿಯಮ್ಮನವರನ್ನು ನೆನೆಯುತ್ತಿದ್ದರು. ಒಂದು ಸಲ ಕೂತಾಗ 50, ಅದೇ ಮೂರರಲ್ಲೊಂದು. 2002ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಹೊಸದಾಗಿ ಐದು ಧ್ಯಾನಗಳನ್ನು ಸೇರಿಸಿದರು, ಅವುಗಳೊಂದಿಗೆ ಇನ್ನೂ 50 ಸೇರಿ ಮೊತ್ತ 200 ಆಯಿತು. ಆ ಲೆಕ್ಕದಲ್ಲಿ 50 ಈಗ ಕಾಲುಪಾಲು. ಹೆಸರು ಬದಲಿಸೋಣವೇ ಎಂದು ಕರಾವಳಿಯ ಯಾವುದಾದರೂ ಅಜ್ಜಿಯನ್ನು ಕೇಳಿ ನೋಡಿ!